ಪುಕ್ಕಟೆ ಕಾಲಾಳು

"ನೀವು... ಗುಡೇಮಾರನಹಳ್ಳಿ ಚೆಲುವಯ್ಯನಾ?"

ಎದುರಿನ ಕುರ್ಚಿ ಎಳೆದುಕೊಂಡವನು ಹೌದೆಂದು ತಲೆಯಾಡಿಸಿದ. ಮಾಯಮ್ಮನ ಎದೆ ಧಸಕ್ಕೆಂದಿತು!

ಹೋದ ವಾರ ಕೂಟಗಲ್ಲಿನ ಮನೆಯಲ್ಲಿ ಅಪ್ಪ ಮುನಿರಾಮಯ್ಯ ಹೇಳಿದ ಗಂಡಿನ ಹೆಸರೇ ಇದು. ಮಾಗಡಿಯಲ್ಲಿ ಗಣಿತದ ಮೇಷ್ಟ್ರು. 'ಮದ್ವೆ ಆದ್ಮೇಲೆ ಹುಡ್ಗಿ ಚೆಸ್ ಅಂತ ಊರೂರು ತಿರುಗೋದು ಬ್ಯಾಡ' ಎಂದು ಆ ಮನೆಯವರು ಹೇಳಿಕಳಿಸಿದ್ದರು.

ಅದು ೧೯೮೪. ರಾಮನಗರದ ಚೆಸ್ ಪಂದ್ಯಾವಳಿಯ ಕೊನೆಯ ಆಟ. ಗೆದ್ದವರಿಗೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶ.

'ಇವನ್ಯಾಕೆ ಇಲ್ಲಿ? ನನ್ನ ಸೋಲಿಸಿ ಆಟಾನೇ ಬಿಡಿಸೋಕಾ?'

ಚೆಲುವಯ್ಯ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ಅವಳೂ ತನ್ನದನ್ನು ಎದುರಿಗೆ ನಿಲ್ಲಿಸಿದಳು. ಆಗ ಅವನು ಪಕ್ಕದ ಕಾಲಾಳನ್ನು ಅವಳ ಬಾಯಿಗೇ ತಂದಿಟ್ಟ. ಹೊಡೆದರೆ ಪುಕ್ಕಟೆ!

ಕ್ವೀನ್ಸ್ ಗ್ಯಾಂಬಿಟ್ ಅನ್ನುವ ಬಲೆ... ಆಸೆಪಟ್ಟು ಹೊಡೆದರೆ ತನ್ನ ಕಾಲಾಳು ಮಣೆಯ ನಡು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ನಡು ಅವನ ಕೈಗೆ ಸಿಗುತ್ತದೆ. ಕೊಟ್ಟದ್ದನ್ನೂ ಆಮೇಲೆ ನಿಧಾನವಾಗಿ ವಸೂಲಿ ಮಾಡುತ್ತಾನೆ.

'ಪುಕ್ಕಟೆ ಕೊಡೋರನ್ನ ನಾನು ನಂಬಲ್ಲ!'

ಅವಳು ಹೊಡೆಯಲಿಲ್ಲ. ಇನ್ನೊಂದು ಕಾಲಾಳನ್ನು ಒಂದೇ ಮನೆ ಸರಿಸಿ ನಡುವಿಗೆ ಆಸರೆ ಕೊಟ್ಟಳು. ನಡು ಗಟ್ಟಿಯಾಯಿತು, ನಿಜ. ಆದರೆ ಹಿಂದೆ ನಿಂತಿದ್ದ ಒಂಟೆಗೆ ದಾರಿಯೇ ಮುಚ್ಚಿಹೋಯಿತು...

ಅವನು ತಲೆ ಎತ್ತಿದರೆ ಅನುಮಾನ. ನಕ್ಕರೆ ಇನ್ನೂ ಅನುಮಾನ! ಬಹಳ ಹೊತ್ತು ಕಾದು, ಕೊನೆಗೆ ಧೈರ್ಯ ಮಾಡಿ ಪಕ್ಕದಿಂದ ಒಂದು ಕಾಲಾಳನ್ನು ನುಗ್ಗಿಸಿ ಅವನ ನಡುವನ್ನೇ ಒಡೆದಳು. ಒಂಟೆಗೂ ದಾರಿ ತೆರೆಯಿತು.

"ಡ್ರಾ ಮಾಡ್ಕಳವಾ?" ಚೆಲುವಯ್ಯ ಮೆಲ್ಲಗೆ ಕೇಳಿದ.

"ಬ್ಯಾಡ."

ಇನ್ನೂ ಒಂದಿಷ್ಟು ನಡೆ ಆದಮೇಲೆ ಅವನು ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿ ಕೈಚಾಚಿದ. ಪಂದ್ಯ ನಡೆಸುತ್ತಿದ್ದ ವಹಾಬ್ ಸಾಹೇಬರು "ಶಾಭಾಸ್ ಬೇಟಿ!" ಎಂದರು. ಅವಳಿಗೆ ಮಾತ್ರ ಗೆದ್ದ ಖುಷಿಯೇ ಇಲ್ಲ.

ಜನ ಚದುರಿದ ಮೇಲೆ ಕೇಳಿಯೇಬಿಟ್ಟಳು. "ಬೇಕಂತ್ಲೇ ಸೋತ್ರಿ ಅಲ್ವಾ? ನಾನು ಮದ್ವೆಗೆ ಒಪ್ಲಿ ಅಂತ?"

ಅವನ ಮುಖ ಕೆಂಪಾಯಿತು. "ಸೋತಿದ್ಕೆ ನಂಗೆ ಹೊಟ್ಟೆ ಉರೀತೈತೆ ಕಣ್ರೀ! ಕೂತ್ಕಳಿ ಇಲ್ಲಿ."

ಅವಳು ನಡು ಒಡೆದ ಗಳಿಗೆಯ ಆಟವನ್ನು ಮಣೆಯ ಮೇಲೆ ಮತ್ತೆ ಜೋಡಿಸಿದ. "ನನ್ ಕಡೆಯಿಂದ ನೀವೇ ಆಡಿ. ಸೋಲ್ದಂಗೆ ಉಳ್ಸಿ ನೋಡವಾ."

ಮಾಯಮ್ಮ ಕುದುರೆ ನಡೆಸಿ ನೋಡಿದಳು. ಆನೆ ಸರಿಸಿದಳು. ರಾಣಿಯನ್ನು ಹಿಂದಕ್ಕೆ ಕರೆದಳು... ಎಲ್ಲಿ ಹೋದರೂ ಸೋಲೇ!

"ಮತ್ತೆ ಡ್ರಾ ಯಾಕ್ ಕೇಳಿದ್ರಿ?"

"ಭಯಕ್ಕೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೂ ಕೇಳುವುದು ಇನ್ನೊಂದು ಉಳಿದಿತ್ತು. "ಆಟ ಬುಡ್ಬೇಕು ಅಂದ್ರಂತಲ್ಲ, ನಿಮ್ಮನೇವ್ರು?"

"ನಮ್ಮಪ್ಪ ಅಂದಿದ್ದು. ನಂಗೆ ಮೊನ್ನೆ ಗೊತ್ತಾಯ್ತು. ಆಡೋಳ ಕೈ ಕಟ್ಟಾಕಿ ಕರ್ಕೊಂಡ್ ಬರೋದಾದ್ರೆ ನಂಗೆ ಮದ್ವೇನೇ ಬ್ಯಾಡ ಅಂತ ಜಗಳ ಆಡ್ಬುಟ್ಟೆ. ಅಪ್ಪ ಈಗ ಮಾತು ವಾಪಸ್ ತಗೊಂಡವ್ರೆ... ಅದ್ನ ನಿಮ್ಗೆ ನಾನೇ ಹೇಳ್ಬೇಕಿತ್ತು."

ಮಾಯಮ್ಮನ ಕಣ್ಣು ತುಂಬಿಬಂತು. ಇಷ್ಟು ಹೊತ್ತು ಯಾರ ಮೇಲೆ ಕೋಪ ಮಾಡಿಕೊಂಡಿದ್ದೆ ನಾನು!

"ನಾಳೆ ಕೂಟಗಲ್‌ಗೆ ಬತ್ತೀರಾ?"

"ಬತ್ತೀನಿ. ನಿಮ್ಮಪ್ಪಂಗೆ ಏನಂತ ಹೇಳ್ಲಿ?"

"ಹುಡ್ಗಿ ಒಪ್ಪವ್ಳೆ ಅಂತ."

ಚೆಲುವಯ್ಯ ನಂಬಲಾಗದವನಂತೆ ಅವಳನ್ನೇ ನೋಡಿದ.

"ಯಾಕೆ... ಅನುಮಾನವಾ?"

"ಒಸಿ ಐತೆ," ಎಂದ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದ್ ಸಲ ಹೇಳಿ."