ಪಕ್ಕದ ಮನೆಯ ವೈಫೈ

"ನಿಮ್ಮ ವೈಫೈಯಿಂದ ನನ್ನ ಕೆಲಸ ಹಾಳಾಗ್ತಿದೆ."

ಪಕ್ಕದ ಮನೆಯವನಿಗೆ ಅವಳು ಹೇಳಿದ ಮೊದಲ ಮಾತೇ ಇದು. ಪಿಟೀಲು ರಿಪೇರಿ ಮಾಡುವ ಅವನು ವಾರ್ನಿಷ್ ಬಳಿಯುವ ಕುಂಚ ಹಿಡಿದೇ ಬಾಗಿಲು ತೆರೆದಿದ್ದ.

ಅವಳದು ಸನ್ನೆ ಭಾಷೆಯ ದುಭಾಷಿ ಕೆಲಸ. ಕಿವಿ ಕೇಳದ ರೋಗಿಗಳ ಮತ್ತು ವೈದ್ಯರ ನಡುವೆ, ಮನೆಯಿಂದಲೇ, ವಿಡಿಯೋದಲ್ಲಿ. ಆ ಬೆಳಿಗ್ಗೆ ಒಬ್ಬ ಗರ್ಭಿಣಿಗೆ 'ಮಗು ಹುಷಾರಾಗಿದೆ' ಎಂದು ತಿಳಿಸುವಷ್ಟರಲ್ಲಿ ಚಿತ್ರ ನಿಂತುಹೋಗಿತ್ತು. ಮರಳಿ ಬಂದಾಗ ಆ ಹುಡುಗಿ ಅಳುತ್ತಿದ್ದಳು... ಕೇಡನ್ನೇ ಊಹಿಸಿಕೊಂಡು.

ಹೊಸ ಫೈಬರ್ ಹಾಕಿಸಿದರೂ ಹೀಗೇಕೆ? ಫೋನಿನಲ್ಲಿ ನೋಡಿದರೆ ಅವಳದಕ್ಕಿಂತ ಅವನ ವೈಫೈಯೇ ಜೋರು. ಕೋಪಕ್ಕೆ ಅಷ್ಟು ಸಾಕಾಗಿತ್ತು.

ಅವನು ವಾದಿಸಲಿಲ್ಲ. ತನಗೂ ಇದೆಲ್ಲ ಅಷ್ಟಕ್ಕಷ್ಟೇ, ಒಟ್ಟಿಗೆ ಕೂತು ನೋಡೋಣ ಎಂದ. ನೋಡಿದರೆ ಅವಳ ರೂಟರ್ ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ. ಹಳೆಯದು, ನಿಧಾನದ ಒಂದೇ ಬ್ಯಾಂಡಿನದು. ಸಾಲದ್ದಕ್ಕೆ ಎರಡೂ ಮನೆಯ ವೈಫೈಗಳು ತರಂಗದ ಒಂದೇ ದಾರಿಯಲ್ಲಿ, ಒಂದೇ ಚಾನೆಲ್‌ನಲ್ಲಿ ಗುದ್ದಾಡುತ್ತಿದ್ದವು. ಅವಳ ಮುಖ ಸಪ್ಪಗಾಯಿತು.

ಮರುದಿನ ಇಬ್ಬರೂ ಅಂಗಡಿಗೆ ಹೋದರು. ಎಂಟು ಆಂಟೆನಾಗಳ ದೊಡ್ಡ ಪೆಟ್ಟಿಗೆಗೆ ಅವಳು ಕೈಚಾಚಿದಾಗ, ಮೂರು ಕೋಣೆಯ ಮನೆಗೆ ಎರಡು ಬ್ಯಾಂಡಿನದು ಸಾಕಲ್ಲವೇ ಎಂದ. ಅದನ್ನು ನಡುಮನೆಯಲ್ಲಿ ಎತ್ತರಕ್ಕಿಟ್ಟರು, ಚಾನೆಲ್ ಬದಲಿಸಿದರು, ಕಂಪ್ಯೂಟರನ್ನು ವೇಗದ ಬ್ಯಾಂಡಿಗೆ ಸೇರಿಸಿದರು. ಅವಳು ಪಾಸ್‌ವರ್ಡ್ ಹಾಕುವಾಗ ಅವನು ಮುಖ ಆಚೆ ತಿರುಗಿಸಿ ನಿಂತ. ಯಾಕೋ, ಅದೇ ಅವಳ ಮನಸ್ಸಿಗೆ ನಾಟಿತು.

ಕಿವಿ ಕೇಳದ ಅವಳ ಅಪ್ಪ ಚಹಾ ತಂದರು. ಅವರೊಂದಿಗೆ ಹೇಗೆ ಮಾತಾಡುವುದೆಂದು ತಿಳಿಯದೆ ಅವನು ಸುಮ್ಮನೆ ನಕ್ಕ.

ಆಮೇಲೆ ಏನಾದರೊಂದು ನೆಪ ಹುಡುಕಿ ಬರುತ್ತಿದ್ದವನು ಇದ್ದಕ್ಕಿದ್ದಂತೆ ಬರುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ಅವನ ಮನೆಯ ತೆರೆದ ಬಾಗಿಲಿನಲ್ಲಿ ಅವಳಿಗೆ ಕಂಡದ್ದು ಬೇರೆಯೇ. ವಿಡಿಯೋದಲ್ಲಿ ಒಬ್ಬ ಯುವತಿ. ಆಕೆಯ ಜೊತೆ ಅವನು ಸನ್ನೆ ಮಾಡುತ್ತಾ ನಗುತ್ತಿದ್ದಾನೆ!

'ಓ... ಇದಾ ವಿಷಯ...'

ಊರವರ ಮಾತನ್ನೆಲ್ಲ ತಪ್ಪಿಲ್ಲದೆ ದಾಟಿಸುವವಳು ತನ್ನದೊಂದು ಮಾತನ್ನು ಅವನ ಹೊಸ್ತಿಲು ದಾಟಿಸದೆ ಮನೆಗೆ ಮರಳಿದಳು.

ಭಾನುವಾರ ಅವನೇ ಬಂದ. ನೇರವಾಗಿ ಅಪ್ಪನೆದುರು ಕೂತು, ಸನ್ನೆಯಲ್ಲಿ ನಿಧಾನವಾಗಿ ಏನೋ ಹೇಳಿದ. ಅಪ್ಪ ಹುಬ್ಬೇರಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ ತಪ್ಪಾಯ್ತು?" ಎಂದು ಅವಳತ್ತ ತಿರುಗಿದ.

"ನಮ್ಮನೆ ಗೋಡೆನ ಮದುವೆ ಆಗ್ತೀನಿ ಅಂದ್ರಿ." ಅವಳ ಕಣ್ಣು ತುಂಬಿತ್ತು. "ಆ ವಿಡಿಯೋದಲ್ಲಿದ್ದವಳು...?"

"ನನಗೆ ಸನ್ನೆ ಕಲಿಸೋ ಟೀಚರು. ನಿಮ್ಮಪ್ಪನ ಹತ್ರ ನಿಮ್ಮನ್ನ ಕೇಳೋಕೂ ನಿಮ್ಮನ್ನೇ ದುಭಾಷಿ ಮಾಡ್ಕೊಂಡ್ರೆ ಚೆನ್ನಾಗಿರುತ್ತಾ?"

ಅವಳು ಅವನ ಬೆರಳು ಹಿಡಿದು ತಿದ್ದಿದಳು. ಮಗಳು ಅನ್ನೋದು ಹೀಗೆ. ಅವನು ಮತ್ತೊಮ್ಮೆ ಹೇಳಿದ. ಅಪ್ಪ ಈಗ ನಗಲಿಲ್ಲ. ಮಗಳ ಮುಖ ನೋಡಿ, ನೀನೇನಂತೀಯ ಎಂದು ಕೇಳಿದರು.

ಅವಳ ಕೈ ಮೆಲ್ಲಗೆ ಆಡಿತು.

"ಏನಂದ್ರಿ?" ಅವನು ಕೇಳಿದ.

"ಇಷ್ಟೂ ಕಲಿಸಿಲ್ವಾ ನಿಮ್ಮ ಟೀಚರು?"

"ಇಲ್ಲ... ಹೇಳಿ."

"ಹ್ಞೂಂ ಅಂದೆ ಕಣೋ."