ಹಿತ್ತಾಳೆ ಕೊಂಬಿನ ಕಾರು

ಕಾಮಾಕ್ಷಿ ನಡುಮನೆಯ ಕಿಟಕಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೊರಗೆ ಜಗಲಿಯ ಮೇಲೆ ಅವಳ ಗಂಡ ಸಿದ್ದರಾಜು, ಮದ್ದೂರಿನಿಂದ ಬಂದಿದ್ದ ಯಾರೋ ಒಬ್ಬನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ.

"ಉಸಿರೇ ಕಟ್ಕೊಂಡಂಗಾಡ್ತದೆ ಕಣಯ್ಯ. ಬೆಳಗ್ಗೆ ಎದ್ದೇಟ್ಗೆ ಕೆಮ್ಮು. ಒಂದು ಏರಿ ಹತ್ತೋ ಅಷ್ಟರಲ್ಲಿ ಸುಸ್ತು."

"ಒಳಗೆಲ್ಲ ಧೂಳು ಕುಂತದೆ ಬುದ್ಧಿ."

"ಮನೆಗೆ ಬಂದಾಗ ಚೆನ್ನಾಗೇ ಇತ್ತು. ನೋಡಿ ಮೆಚ್ಕೊಂಡೇ ತಂದಿದ್ದು."

"ಇನ್ನ ಅದುನ್ನ ಇಟ್ಕೊಂಡು ಏಗಕ್ಕಾಗಕಿಲ್ಲ. ತೆಗ್ದಾಕ್ಬುಟ್ಟು ಒಸದು ತಂದ್ಬುಡಿ. ಬೆಂಗ್ಳೂರಲ್ಲಿ ನೋಡ್ಲಾ?"

"ನೋಡು. ಅಪ್ಪಯ್ಯಂಗೆ ಮಾತ್ರ ಈಗ್ಲೇ ಗೊತ್ತಾಗೋದು ಬ್ಯಾಡ."

ಕಾಮಾಕ್ಷಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಮಂಡ್ಯ ಬಳಿಯ ಹೊಳಲಿನ ಆ ದೊಡ್ಡ ಮನೆಗೆ ಅವಳು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯವರೆಲ್ಲ ಅವಳನ್ನು 'ಹೆಣ್ಣು ಬಂತು, ಹೆಣ್ಣು ಉಣ್ತು' ಎಂದೇ ಮಾತಾಡುತ್ತಿದ್ದುದು; 'ಅದು' ಎಂದರೆ ಅವಳೇ. ಆಲೆಮನೆ ಶುರುವಾದಾಗಿನಿಂದ ಅವಳಿಗೆ ಕೆಮ್ಮು ಬೇರೆ ಹಿಡಿದಿತ್ತು. ಬೆಲ್ಲ ಕಾಯಿಸುವ ಹೊಗೆಗೆ ಎಲ್ಲರಿಗೂ ಬರುತ್ತದೆ, ಹೋಗುತ್ತದೆ ಎಂದು ಅತ್ತೆ ಮಂಚಮ್ಮ ಕಷಾಯ ಮಾಡಿಕೊಟ್ಟಿದ್ದರು. ಗಂಡ ಅದನ್ನು ಇಷ್ಟು ಲೆಕ್ಕಕ್ಕೆ ಇಟ್ಟುಕೊಂಡಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ.

ಬೇರೆ ಹುಡುಗಿಯಾಗಿದ್ದರೆ ಅನುಮಾನಪಟ್ಟು, ಆಮೇಲೆ ನಕ್ಕು ಸುಮ್ಮನಾಗುತ್ತಿದ್ದಳೇನೋ. ಕಾಮಾಕ್ಷಿ ಕಂಡ ಬದುಕು ಬೇರೆ. ವೈದ್ಯನಾಥಪುರದ ಅವಳ ತವರಿನಲ್ಲಿ ತಾಯಿ ಅಂಕಮ್ಮನಿಗೆ ಉಬ್ಬಸ. ಕೈಲಾಗದ ಹೆಂಡತಿ ಎಂದು ಅಪ್ಪ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಈಗ ಮುಂದಿನ ಮನೆಯಲ್ಲಿ ಚಿಕ್ಕಮ್ಮ, ಹಿತ್ತಿಲ ಕೋಣೆಯಲ್ಲಿ ಅವ್ವ.

ಮಾರನೆಯ ದಿನ ಅವಳು ಅತ್ತೆಯ ಮುಂದೆ ನಿಂತು, "ಅವ್ವನ್ನ ನೋಡ್ಕೊಂಡು ಬತ್ತೀನಿ ಅತ್ತೆ" ಎಂದಳು.

"ಬಸ್ಸಲ್ಲಿ ನೂಕುನುಗ್ಗಲು ಕಣವ್ವ," ಎಂದರು ಮಂಚಮ್ಮ. ಮಗನ ಕಡೆ ತಿರುಗಿ, "ಲೇ, ಊರೆಲ್ಲ ಸುತ್ತುಸ್ತೀಯಲ್ಲ ಆ ಕಾರ, ಕಟ್ಕೊಂಡೋಳ್ನೂ ಒಂದ್ಸಲ ಕೂರುಸ್ಕೊಂಡೋಗ್ಲಾ" ಎಂದು ಗದರಿದರು.

ಹಾಗೆ ಅವಳು ಮೊದಲ ಸಲ ಆ ಕಾರಿನಲ್ಲಿ ಕೂತಳು. ಹಸಿರು ಬಣ್ಣದ, ಮೇಲೆ ಮುಚ್ಚಿಗೆಯಿಲ್ಲದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೈಸೂರಿನಿಂದ ಇಂಗ್ಲೆಂಡಿಗೆ ವಾಪಸು ಹೊರಟ ಬಿಳಿ ದೊರೆಯೊಬ್ಬರಿಂದ ಸಿದ್ದರಾಜು ಮದುವೆಗೆ ಮುಂಚೆ ಕೊಂಡದ್ದು. ಅವನು ಅದನ್ನು ತೊಳೆಯುವಾಗ ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಮಂಡ್ಯ ದಾಟುವ ಹೊತ್ತಿಗೆ ಕಬ್ಬಿನ ಗಾಡಿಗಳು ಸಾಲುಸಾಲಾಗಿ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟಿದ್ದವು. ಎತ್ತುಗಳ ಕಾಲಿನ ಧೂಳು ರಸ್ತೆಯ ಮೇಲೆ ಮುಸುಕಿತ್ತು. ಕಾಮಾಕ್ಷಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಕೆಮ್ಮು ಬಾರದಂತೆ ಉಸಿರು ಬಿಗಿಹಿಡಿದು ಕೂತಿದ್ದಳು.

ಕೆಮ್ಮಿದ್ದು ಅವಳಲ್ಲ, ಕಾರು. ಮದ್ದೂರಿಗೆ ಸ್ವಲ್ಪ ದೂರವಿರುವಾಗ ಒಮ್ಮೆ ಗೊರಗೊರ ಎಂದಿತು, ಇನ್ನೊಮ್ಮೆ ಮುಗ್ಗರಿಸಿತು, ಹೊಂಗೆಮರದ ನೆರಳಿಗೆ ಬಂದು ನಿಂತೇಬಿಟ್ಟಿತು. ಸಿದ್ದರಾಜು ಇಳಿದು ಬಾನೆಟ್ ಎತ್ತಿದ.

"ನೋಡ್ದಾ? ಉಸಿರು ಕಟ್ಕೊಂಡ್ಬುಡ್ತು. ಮದ್ದೂರಿನ ರಿಪೇರಿ ಹುಚ್ಚೀರಯ್ಯ ನಿನ್ನೆ ಹೇಳ್ದ, ಒಳಗೆಲ್ಲ ಧೂಳು ಕುಂತದೆ, ತೆಗ್ದಾಕಿ ಅಂತ."

ಕಾಮಾಕ್ಷಿ ಅವನನ್ನೇ ನೋಡಿದಳು.

"ನಿನ್ನೆ ಜಗಲಿ ಮೇಲೆ ಮಾತಾಡ್ತಿದ್ದಿದ್ದು…"

"ಇದರ ವಿಚಾರನೇ. ಮತ್ತೆ ಖರ್ಚು ಅಂದ್ರೆ ಅಪ್ಪಯ್ಯ ಬಯ್ತಾರೆ. ಯಾಕೆ?"

ಅವಳಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸಿದ್ದರಾಜು ಗಾಬರಿಯಾಗಿ ಎಣ್ಣೆಗೈಯಲ್ಲೇ ಅವಳ ಹತ್ತಿರ ಬಂದ.

"ಏನಾಯ್ತಮ್ಮಿ?"

"ಕೆಮ್ತದೆ, ಒಸದು ತರೋಣ ಅಂದ್ರಲ್ಲ. ನಾನು… ನನ್ನ ವಿಚಾರ ಅಂದ್ಕೊಂಡೆ."

ಅವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ಕಿವಿ ಕೆಂಪಾಯಿತು. "ಏರ್ ಕ್ಲೀನರ್ ಕಣಮ್ಮಿ! ಇಂಜಿನ್ನಿಗೆ ಗಾಳಿ ಸೋಸಿ ಕೊಡೋ ಡಬ್ಬ!" ಎಂದು ಕಾರಿನೊಳಗಿಂದ ಅದನ್ನು ಕಳಚಿ ತಂದು ತೋರಿಸಿದ. ಒಳಗಿನ ತಂತಿಬಲೆ ಧೂಳು ಕಟ್ಟಿ, ಸೀದ ಬಾಣಲೆಯ ತಳದ ಹಾಗಿತ್ತು. ತನ್ನ ಗಂಡ ನಾಚಿಕೊಂಡಾಗ ಹುಬ್ಬು ಉಜ್ಜಿಕೊಳ್ಳುತ್ತಾನೆ ಎಂದು ಅವಳು ಅವತ್ತು ಕಂಡುಕೊಂಡಳು. ಹುಬ್ಬಿಗೆಲ್ಲ ಎಣ್ಣೆ ಬಳಿದುಕೊಂಡು ನಿಂತಿದ್ದ. ಹಗಲ ಬೆಳಕಿನಲ್ಲಿ, ಬೇರೆ ಯಾರೂ ಇಲ್ಲದ ಕಡೆ, ಅವನ ಮುಖವನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಆದರೆ ತನಗೆ ಹಾಗೆ ಅನಿಸಿದ್ದು ಯಾಕೆ ಎಂದು ಅವಳು ಹೇಳಲಿಲ್ಲ. ಅವನೂ ಕೇಳದೆ, ಬಲೆಯ ಧೂಳು ಕೊಡವಿ ಜೋಡಿಸಿ ಕಾರನ್ನು ವೈದ್ಯನಾಥಪುರಕ್ಕೆ ಬಿಟ್ಟ.

ಅಂದಿನಿಂದ ಮಂಚಮ್ಮ ಏನಾದರೊಂದು ನೆಪ ಹೂಡಿ ಇಬ್ಬರನ್ನೂ ಕಾರಿನಲ್ಲಿ ಕಳಿಸತೊಡಗಿದರು. ಮಳವಳ್ಳಿಗೆ ಕೊಟ್ಟಿದ್ದ ಮಗಳಿಗೆ ಬೆಲ್ಲ, ಚಿಕ್ಕರಸಿನಕೆರೆಯ ದೇವರಿಗೆ ಹಣ್ಣುಕಾಯಿ. ಮನೆಯಲ್ಲಿ ಗಂಡಹೆಂಡಿರು ಹಗಲು ಹೊತ್ತು ಒಬ್ಬರಿಗೊಬ್ಬರು ಎದುರಾದರೂ ಮುಖ ತಿರುಗಿಸಿಕೊಂಡು ಹೋಗಬೇಕು. ರಾತ್ರಿ ಮಾತಾಡೋಣವೆಂದರೆ ತೆಳ್ಳನೆಯ ಗೋಡೆಯ ಆಚೆ ಮಾವ ಮಲಗಿರುತ್ತಿದ್ದರು. ಕಾರೊಂದೇ ಅವರ ಸ್ವಂತದ ಕೋಣೆ.

ಕಾಮಾಕ್ಷಿ ಅಲ್ಲಿ ಮಾತು ಕಲಿತಳು. ಮದ್ದೂರಿನ ಶಾಲೆಯಲ್ಲಿ ತಾನು ಗಣಿತದಲ್ಲಿ ಮುಂದಿದ್ದುದು, ಶಿಂಷಾ ನದಿಯಲ್ಲಿ ಬಟ್ಟೆ ತೇಲಿಬಿಟ್ಟು ಬೈಸಿಕೊಂಡದ್ದು, ಅವನು ಮುದ್ದೆ ನುಂಗುವಾಗ ಕಣ್ಣು ಮುಚ್ಚುವುದನ್ನು ಅಡುಗೆಮನೆಯಿಂದ ಕದ್ದು ನೋಡುವುದು.

"ನಾನು ಕಣ್ಣು ಮುಚ್ತೀನಾ?"

"ದೇವ್ರಿಗೆ ಕೈಮುಗ್ದಂಗೆ."

ಅವನು ರಸ್ತೆಯನ್ನು ಬಿಟ್ಟು ಅವಳನ್ನು ನೋಡುವನು. "ಮುಂದೆ ನೋಡಿ, ಮುಂದೆ" ಎಂದು ಅವಳು ಅವನ ಗಲ್ಲವನ್ನು ಬೆರಳಿನಿಂದ ತಿರುಗಿಸುವಳು. ಆ ಬೆರಳು ತಾಗಲಿ ಎಂದೇ ಅವನು ಮತ್ತೆ ಮತ್ತೆ ತಿರುಗುತ್ತಾನೆಂದು ಅವಳಿಗೆ ಗೊತ್ತಿತ್ತು.

ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಹುಚ್ಚೀರಯ್ಯನ ರಿಪೇರಿ ಶೆಡ್ಡು. ಬೆಂಗಳೂರಿನಿಂದ ಅವನು ಎರಡು ಸಾಮಾನು ತಂದಿಟ್ಟಿದ್ದ. ಒಂದು ಕಪ್ಪು ಬಣ್ಣದ ದುಂಡನೆಯ ಡಬ್ಬ. ತಳದಲ್ಲಿ ಎಣ್ಣೆ ಹಾಕಿದರೆ ಧೂಳೆಲ್ಲ ಎಣ್ಣೆಗೆ ಅಂಟಿ, ಗಾಳಿ ಮಾತ್ರ ಇಂಜಿನ್ನಿಗೆ ಹೋಗುತ್ತದೆ. ಇನ್ನೊಂದು ಹಿತ್ತಾಳೆಯ ಕೊಳವೆ, ತುದಿಯಲ್ಲಿ ಧತ್ತೂರಿ ಹೂವಿನ ಹಾಗೆ ಅರಳಿತ್ತು. ಬಾಯಿಗೆ ಸಣ್ಣ ಬಲೆ, ಅದರಿಂದ ಗಾಳಿ ನೇರವಾಗಿ ಇಂಜಿನ್ನಿಗೆ ನುಗ್ಗುತ್ತದೆ.

"ಈ ಕೊಂಬು ಆಕುದ್ರೆ ಗಾಡಿ ಎದೆ ತುಂಬ ಉಸ್ರಾಡ್ತದೆ ಬುದ್ಧಿ, ಕುದ್ರೆ ಓಡ್ದಂಗೆ ಓಡ್ತದೆ," ಎಂದ ಹುಚ್ಚೀರಯ್ಯ. "ಆದ್ರೆ ಧೂಳ್ನೂ ಕುಡೀತದೆ, ಬೋ ಸದ್ದು ಮಾಡ್ತದೆ. ಡಬ್ಬ ಆಕುದ್ರೆ ಬಾಳಿಕೆ ಬತ್ತದೆ. ವೇಗ ಒಸಿ ಕಮ್ಮಿ."

ಸಿದ್ದರಾಜುವಿನ ಮೈಸೂರಿನ ಗೆಳೆಯನೊಬ್ಬ ಹೊಸ ಕಾರು ಕೊಂಡಿದ್ದ. ಯುಗಾದಿ ಕಳೆದ ಮೇಲಿನ ಭಾನುವಾರ ಶ್ರೀರಂಗಪಟ್ಟಣದಿಂದ ಮದ್ದೂರಿಗೆ ಯಾರು ಮೊದಲು ಎಂದು ಇಬ್ಬರಲ್ಲೂ ಪಂಥ ಬಿದ್ದಿತ್ತು.

"ನೀನೇ ಹೇಳು. ಯಾವುದು?" ಎಂದು ಅವನು ಕಾಮಾಕ್ಷಿಯನ್ನು ಕೇಳಿದ.

ಅವನ ಕೈ ಆಗಲೇ ಹಿತ್ತಾಳೆಯನ್ನು ಸವರುತ್ತಿತ್ತು. ಅವನ ಕಣ್ಣಲ್ಲಿದ್ದ ಆಸೆಯನ್ನು ನೋಡಿ ಅವಳು, "ಕೊಂಬೇ ಹಾಕ್ಸಿ" ಎಂದಳು. ಅವನು ಖುಷಿಯಾಗಿರುವುದನ್ನು ನೋಡಬೇಕೆಂಬುದಷ್ಟೇ ಆಗ ಅವಳ ಮನಸ್ಸಿನಲ್ಲಿದ್ದುದು.

ಕೊಂಬು ಹಾಕಿಸಿದ ಕಾರು ನಿಜಕ್ಕೂ ಹಾರಿತು. ಅದರ ಕೂಗು ಕೇಳಿ ಗದ್ದೆಯಲ್ಲಿದ್ದವರು ನೆಟ್ಟಗೆ ನಿಂತು ನೋಡುತ್ತಿದ್ದರು. ಸಿದ್ದರಾಜು ಹಲ್ಲು ಬಿಟ್ಟುಕೊಂಡು ಓಡಿಸುತ್ತಿದ್ದ. ಕಾಮಾಕ್ಷಿ ಏನೋ ಹೇಳುವಳು, ಅವನು ಕಿವಿಗೆ ಕೈ ಹಿಡಿದು "ಆಂ?" ಎನ್ನುವನು. ಅವಳು ಇನ್ನೊಮ್ಮೆ ಕೂಗಿ ಹೇಳುವಳು. ಕೂಗಿ ಹೇಳುವಷ್ಟು ದೊಡ್ಡ ಮಾತುಗಳಲ್ಲ ಅವು. ಸ್ವಲ್ಪ ದಿನಕ್ಕೆ ಸುಮ್ಮನಾದಳು.

ಯುಗಾದಿಯ ಮಾರನೆಯ ದಿನ ಇಬ್ಬರೂ ವೈದ್ಯನಾಥಪುರಕ್ಕೆ ಹೋಗಿಬಂದರು. ಅಂಕಮ್ಮ ತೀರ ಸೊರಗಿದ್ದರು. ಹಿತ್ತಿಲ ಕೋಣೆಯ ಚಾಪೆಯ ಮೇಲೆ ಒರಗಿ ಕೂತು, ಉಸಿರಿಗಾಗಿ ಒದ್ದಾಡುತ್ತಲೇ ಅಳಿಯನಿಗೆ ಒಬ್ಬಟ್ಟು ಬಡಿಸಿರೆಂದು ಒಳಗಿನವರಿಗೆ ಕೂಗಿ ಹೇಳಿದರು. ಒಬ್ಬಟ್ಟು ಬರಲಿಲ್ಲ.

ವಾಪಸು ಬರುವಾಗ ಕಾಮಾಕ್ಷಿಯ ಎದೆ ತುಂಬಿಹೋಗಿತ್ತು. ಇಷ್ಟು ದಿನ ಹೇಳದ್ದು ಬಾಯಿಗೆ ಬಂತು. "ಚಿಕ್ಕಮ್ಮನ ಮದುವೇಗೆ ಅಕ್ಕಿ ಆರಿಸ್ದೋಳೂ ನಮ್ಮವ್ವನೇ," ಎಂದಳು. "ಕೆಮ್ಕೊಂಡು ಕೆಮ್ಕೊಂಡು ಮೊರದ ಮುಂದೆ ಕೂತಿದ್ಳು. ನಾನು ಪಕ್ಕದಲ್ಲಿದ್ದೆ." ಕೊಂಬು ಅಬ್ಬರಿಸುತ್ತಿತ್ತು. ಅವಳು ಅವನ ಕಡೆ ತಿರುಗಿ ಕೇಳಿದಳು: "ನಾನೂ ಹಂಗೆ ಕಾಯಿಲೆ ಬಿದ್ರೆ, ನೀವೂ ಇನ್ನೊಂದು ಮದುವೆ ಆಗ್ತೀರಾ?"

ಸಿದ್ದರಾಜು ರಸ್ತೆಯಿಂದ ಕಣ್ಣು ತೆಗೆಯದೆ ಹೌದೆಂದು ಜೋರಾಗಿ ತಲೆಯಾಡಿಸಿದ. "ಆಗ್ದೆ ಇರ್ತದಾ? ಬರೋ ಭಾನುವಾರ ನೋಡ್ತಿರು!" ಎಂದು ಕೂಗಿ, ಖುಷಿಯಿಂದ ಇನ್ನಷ್ಟು ವೇಗ ಹೆಚ್ಚಿಸಿದ.

ಅವನು ಪಂಥದ ಮಾತಾಡುತ್ತಿದ್ದಾನೆಂದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೂ ಆ ತಲೆಯಾಡಿಸಿದ್ದು ಕಣ್ಣಿಂದ ಹೋಗಲಿಲ್ಲ. ಅಂದಿನಿಂದ ಅವಳ ಮಾತು ಊಟಕ್ಕೆ ಏಳಿ, ನೀರು ತಗೊಳ್ಳಿ ಎಂಬಲ್ಲಿಗೆ ನಿಂತಿತು. ಅವ್ವನಿಗೆ ಹುಷಾರಿಲ್ಲ ಎಂದು ಹೇಳಿ, ಬಸ್ಸು ಹತ್ತಿ ತವರಿಗೆ ಹೋದಳು.

ಭಾನುವಾರ ಕಳೆಯಿತು. ಅವಳು ಹಿತ್ತಿಲಲ್ಲಿ ಅವ್ವನ ತಲೆ ಬಾಚುತ್ತಲೋ ಗಂಜಿ ಕಾಯಿಸುತ್ತಲೋ ಕೊಂಬಿನ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಆ ಕಾರು ಬಂದರೆ ಊರ ಹೊರಗಿನಿಂದಲೇ ಗೊತ್ತಾಗುತ್ತದೆ. ಬರಲಿಲ್ಲ. ಗೆದ್ದ ಸಡಗರದಲ್ಲಿ ಗೆಳೆಯನ ಜೊತೆ ಮೈಸೂರಿಗೆ ಹೋಗಿರಬೇಕು ಎಂದುಕೊಂಡಳು.

"ಅಮ್ಮಿ."

ತಿರುಗಿ ನೋಡಿದರೆ ಹಿತ್ತಿಲ ಬಾಗಿಲಲ್ಲಿ ಸಿದ್ದರಾಜು ನಿಂತಿದ್ದ.

"ಯಾವಾಗ ಬಂದ್ರಿ? ಕಾರು?"

"ಬೇವಿನ ಮರದ ಕೆಳಗದೆ."

"ಸದ್ದೇ ಕೇಳ್ಲಿಲ್ಲ."

"ಕೊಂಬು ತೆಗ್ಸಾಕ್ದೆ. ಡಬ್ಬ ಹಾಕ್ಸಿದೀನಿ."

"ಮತ್ತೆ ಪಂಥ?"

"ಎರಡನೆಯೋನಾಗಿ ಬಂದೆ."

"ಪರವಾಗಿಲ್ಲ, ಒಳ್ಳೇದೇ ಅಲ್ವಾ?"

"ಓಡಿದ್ದೇ ಎರಡು ಕಾರು ಕಣಮ್ಮಿ."

ಚಾಪೆಯ ಮೇಲಿದ್ದ ಅಂಕಮ್ಮನಿಗೆ ನಗು ಬಂದು, ಅದು ಕೆಮ್ಮಿಗೆ ತಿರುಗಿತು. ಸಿದ್ದರಾಜು ಹೋಗಿ ಅವರ ಬೆನ್ನು ಸವರಿದ. "ಅತ್ತೆ, ನಾಡಿದ್ದು ಬತ್ತೀನಿ. ಮೈಸೂರಿನ ದೊಡ್ಡಾಸ್ಪತ್ರೇಲಿ ತೋರ್ಸೋಣ. ಮಾವನ್ನ ಒಪ್ಪಿಸೋದು ನಂಗೆ ಬಿಡಿ" ಎಂದ. ಅಂಕಮ್ಮ ಅವನ ಕೈ ಹಿಡಿದುಕೊಂಡರು.

ಕಾರು ಹೊರಟಾಗ ಹೊಲದಲ್ಲಿ ಹಕ್ಕಿ ಕೂಗುವುದೂ ಕೇಳುತ್ತಿತ್ತು. ಮದ್ದೂರು ಹತ್ತಿರವಾದಾಗ ಸಿದ್ದರಾಜುವೇ ಶುರು ಮಾಡಿದ.

"ಅವತ್ತು ನೀನು ಏನೋ ಕೇಳ್ದೆ, ನಾನು ಏನೋ ಹೇಳ್ದೆ. ಅಲ್ಲಿಂದ ನೀನು ಮಾತು ಬಿಟ್ಟೆ. ನಂಗೆ ಒಂದು ಅಕ್ಷರನೂ ಕೇಳ್ಸಿರ್ಲಿಲ್ಲ ಕಾಮಾಕ್ಷಿ. ನೀನು ಹೋದ್ಮೇಲೆ ಒಬ್ನೇ ಓಡಿಸ್ದೆ. ಅಷ್ಟು ಸದ್ದಿತ್ತು, ಆದ್ರೂ ಕಾರು ಬಣಬಣ ಅನ್ನೋದು. ಪಂಥದ ಹಿಂದಿನ ದಿನ ಹುಚ್ಚೀರಯ್ಯನ ಹತ್ರ ಹೋಗಿ ಬಿಚ್ಚಿಸ್ದೆ. ಬೈದ ಅವನು."

"ನಿಮಗೆ ಕೇಳ್ಸಿಲ್ಲ ಅಂತ ನಂಗೆ ಗೊತ್ತಿತ್ತು."

"ಮತ್ತೆ ಮನೆಗೆ ಬಂದ್ಮೇಲೆ ಯಾಕೆ ಕೇಳ್ಲಿಲ್ಲ?"

ಅವಳು ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. "ಕೇಳಿಸ್ಕೊಂಡು ಏನಂತೀರೋ ಅಂತ ಭಯ."

"ಈಗ ಕೇಳು."

ಕೇಳಿದಳು. ಮೊರದ ಮುಂದೆ ಕೂತ ಅವ್ವನಿಂದ ಹಿಡಿದು, ಜಗಲಿಯ ಮೇಲೆ ಹೊಸದು ತರೋಣ ಎಂದದ್ದರವರೆಗೆ ಎಲ್ಲವನ್ನೂ ಹೇಳಿ, ಕೊನೆಗೆ ಅದನ್ನೂ ಕೇಳಿದಳು. ಈ ಸಲ ಕೂಗಬೇಕಾಗಲಿಲ್ಲ.

ಸಿದ್ದರಾಜು ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿದ. "ಇದ್ರಲ್ಲಿ ಇರೋದೇ ಎರಡು ಸೀಟಲ್ವಾ?" ಎಂದು ನಗಿಸಲು ನೋಡಿದ.

"ತಮಾಷೆ ಬ್ಯಾಡ. ನೆಟ್ಟಗೆ ಹೇಳಿ."

ಅವನ ನಗು ಹೋಯಿತು. ಕೈ ಹುಬ್ಬಿಗೆ ಹೋಗಿ ಹಾಗೇ ಕೆಳಗಿಳಿಯಿತು.

"ಇಲ್ಲ. ಆಗಲ್ಲ," ಎಂದ. "ನೀನು ಕೆಮ್ಮಿದ್ರೂ ಇಲ್ಲ, ಹಾಸಿಗೆ ಹಿಡಿದ್ರೂ ಇಲ್ಲ. ಅಪ್ಪಯ್ಯ ಹೇಳಿದ್ರೂ ಇಲ್ಲ. ನಂಗೆ ನೀನೇ ಬೇಕು. ಇದನ್ನ ಮೊದಲೇ ಹೇಳ್ಬೇಕಾಗಿತ್ತು. ಮನೆ ಒಳಗೆ ಬಾಯಿ ಬರಲ್ಲ, ಇಲ್ಲಿ ನೀನು ಮಾತಾಡೋದು ಕೇಳ್ತಾ ಕೂತ್ಬುಡ್ತಿದ್ದೆ."

ಕಾಮಾಕ್ಷಿ ಅಳಲಿಲ್ಲ. ಎದೆಯ ಮೇಲಿಂದ ಏನೋ ಇಳಿದ ಹಾಗಾಗಿ, ಉದ್ದಕ್ಕೆ ಉಸಿರೆಳೆದುಕೊಂಡಳು. ಗೇರ್ ಹಿಡಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಕಬ್ಬಿನ ಗಾಡಿಯವನೊಬ್ಬ ಇಬ್ಬರನ್ನೂ ತಿರುಗಿ ತಿರುಗಿ ನೋಡುತ್ತ ಹೋದ. ಅವಳು ಕೈ ತೆಗೆಯಲಿಲ್ಲ.

ಮದ್ದೂರಿನ ವೃತ್ತಕ್ಕೆ ಬಂದಾಗ ಅವನು ಮಂಡ್ಯದ ಕಡೆ ತಿರುಗಿಸಲು ಹೋದ.

"ಮಳವಳ್ಳಿ ಕಡೆಯಿಂದ ಹೋಗೋಣ," ಎಂದಳು.

"ಬೋ ಸುತ್ತು ಕಣಮ್ಮಿ. ಮನೆ ಸೇರೋದು ಸಂಜೆ ಆಗ್ತದೆ."

"ಗೊತ್ತು," ಎಂದಳು ಕಾಮಾಕ್ಷಿ. "ನಂಗಿನ್ನೂ ಮಾತದೆ."