ಹಸಿಗೋಡೆಯೊಳಗಿನ ಗಂಡ

ಬಹಳ ಹಿಂದೆ, ಸುಣ್ಣಗಿರಿ ಎಂಬ ರಾಜ್ಯದಲ್ಲಿ ಗೋಡೆಗಳಿಗೆ ಜೀವವಿತ್ತು. ಅಂಗಡಿಯ ಗೋಡೆಯ ಮೇಲೆ ಗಿಣಿ ಬರೆದರೆ ಅದು ಗಿರಾಕಿಗಳನ್ನು ಕೂಗಿ ಕರೆಯುತ್ತಿತ್ತು. ಬಾವಿಕಟ್ಟೆಯ ಗೋಡೆಯ ಮೇಲೆ ನವಿಲು ಬರೆದರೆ ಅದು ಮೋಡ ಕಂಡಾಗ ಗರಿ ಬಿಚ್ಚುತ್ತಿತ್ತು. ಅರಮನೆಯ ಓಲಗಸಾಲೆಯ ಗೋಡೆಯ ಮೇಲೆ ಯಾರ ಚಿತ್ರವಿದೆಯೋ ಅವನೇ ರಾಜ್ಯಕ್ಕೆ ರಾಜ.

ಆ ಊರಿನಲ್ಲಿ ಮಾಳವ್ವ ಎಂಬ ಚಿತ್ರಗಾರ್ತಿ ಇದ್ದಳು. ಅವಳ ಗಂಡ ಕೆಂಚಪ್ಪ ಗೋಡೆಗೆ ಸುಣ್ಣದ ಗಾರೆ ಬಳಿಯುತ್ತಿದ್ದ. ಗಾರೆ ಹಸಿಯಾಗಿರುವಾಗಲೇ ಅವಳು ಬಣ್ಣ ಹಾಕಬೇಕು, ಒಣಗಿದ ಗೋಡೆ ಬಣ್ಣ ಕುಡಿಯುವುದಿಲ್ಲ. ಹಾಗಾಗಿ ಮಾಳವ್ವನಿಗೆ ಸದಾ ಆತಂಕ. ಬಿಸಿಲು ಬಂದರೆ ಚಿಂತೆ, ಗಾಳಿ ಬೀಸಿದರೆ ಚಿಂತೆ. ಎರಡೂ ಇಲ್ಲದಿದ್ದರೆ, ಇವತ್ತೇಕೆ ಏನೂ ಇಲ್ಲ ಎಂದು ಚಿಂತೆ!

ಹೀಗಿರಲು ಧೂಮಾಕ್ಷ ಎಂಬ ಮಾಂತ್ರಿಕ ಓಲಗಸಾಲೆಗೆ ನುಗ್ಗಿ, ಗೋಡೆಯ ಮೇಲಿದ್ದ ಮುದ್ದರಸ ರಾಜನ ಚಿತ್ರವನ್ನು ಕೆರೆದು ಹಾಕಿದ. ಆ ಗಳಿಗೆಯಿಂದ ಮುದುಕ ರಾಜ ಎದುರಿಗೆ ಬಂದರೂ ಯಾರಿಗೂ ಗುರುತು ಸಿಗಲಿಲ್ಲ. ಪಾಪ, ಅವನ ಅಡುಗೆಯವನೇ ಅವನನ್ನು ಯಾರಪ್ಪಾ ನೀನು ಎಂದು ಕೇಳಿದ.

ಮಾಂತ್ರಿಕ ಕೆಂಚಪ್ಪ, ಮಾಳವ್ವ ಇಬ್ಬರನ್ನೂ ಕರೆಸಿದ. ಗೋಡೆ ರಿಪೇರಿ ಎಂದು ನಂಬಿ ಕೆಂಚಪ್ಪ ಹೊಸ ಗಾರೆ ಬಳಿದು ಮುಗಿಸಿದ.

"ಈಗ ಇದರ ಮೇಲೆ ನನ್ನನ್ನು ಬರೆ" ಎಂದ ಧೂಮಾಕ್ಷ.

"ನಮ್ಮ ದೊರೆ ಬದುಕಿದಾರೆ ಸ್ವಾಮಿ. ಅವರ ಜಾಗದಲ್ಲಿ ಇನ್ನೊಬ್ಬರನ್ನ ನಾನು ಬರೆಯೋಳಲ್ಲ" ಎಂದಳು ಮಾಳವ್ವ.

ಮಾಂತ್ರಿಕ ಕೆಂಚಪ್ಪನ ಎದೆಗೆ ಕೈಯಿಟ್ಟು ತಳ್ಳಿದ. ಹಸಿಗೋಡೆ ಅವನನ್ನು ನುಂಗಿತು. ಗೋಡೆಯ ಬುಡದ ಮೂಲೆಯಲ್ಲಿ, ಗಾರೆ ಬಳಿಯುವ ಕರಣೆ ಹಿಡಿದ ಕೆಂಚಪ್ಪ ಚಿತ್ರವಾಗಿ ನಿಂತಿದ್ದ. ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿತ್ತು.

"ಗೋಡೆ ಒಣಗಿದರೆ ನಿನ್ನ ಗಂಡ ಅಲ್ಲೇ ಕಲ್ಲಾಗುತ್ತಾನೆ. ಮೂರು ಗೋಡೆ ಬರೆದುಕೊಡು, ಬಿಡುತ್ತೇನೆ. ಕೈಗುಣ ನೋಡದೆ ನನ್ನ ಮುಖವನ್ನು ನಿನಗೆ ಒಪ್ಪಿಸುವುದಿಲ್ಲ. ಮೊದಲ ಎರಡು ಅದಕ್ಕೆ, ಮೂರನೆಯದು ಇದೇ ಗೋಡೆ" ಎಂದ ಮಾಂತ್ರಿಕ.

ಮಾಳವ್ವ ಒದ್ದೆ ಗೋಣಿತಟ್ಟು ತಂದು ಗಂಡನ ಮೇಲೆ ಹೊದಿಸಿದಳು. ಹೊರಟವಳು ತಿರುಗಿ ಬಂದು ಇನ್ನೊಂದು ಹೊದಿಸಿದಳು.

ಮೊದಲನೆಯದು ಮಿಠಾಯಿ ಅಂಗಡಿಯ ಗೋಡೆ. ಮಾಂತ್ರಿಕನ ಬಳಿ ಕಬ್ಬಿಣದ ಕರಡಿಯೊಂದಿತ್ತು. ಅದಕ್ಕೆ ಹಸಿವೆಂದರೇನೆಂದೇ ಗೊತ್ತಿರಲಿಲ್ಲ. ಅದು ಚಿತ್ರ ನೋಡಿ ನಾಲಿಗೆ ಚಾಚಬೇಕು. ಮಾಳವ್ವ ತಾನೇ ಗಾರೆ ಬಳಿದು ಜಿಲೇಬಿ ಬರೆದಳು, ಪಾಕ ತೊಟ್ಟಿಕ್ಕುವ ಹಾಗೆ ಬರೆದಳು. ಕರಡಿ ಬಂದು ಮೂಸಿತು, ಗುರುಗುಟ್ಟಿತು, ಕೊನೆಗೆ ಗೋಡೆಯನ್ನೇ ನೆಕ್ಕಿತು. ಅಂಗಡಿಯವನು ಚಪ್ಪಾಳೆ ತಟ್ಟಿದ. ಅವಳಿಗೆಲ್ಲಿಯ ಸಂತೋಷ! ಓಡಿಬಂದು ಗೋಣಿ ಎತ್ತಿ ನೋಡಿದರೆ ಕೆಂಚಪ್ಪನ ಕಾಲು ಮಂಡಿಯವರೆಗೆ ಕಲ್ಲಾಗಿತ್ತು.

ಎರಡನೆಯದು ಕೇರಿಯವರೆಲ್ಲ ಸೇರುವ ಚಾವಡಿಯ ಗೋಡೆ. ಮಾಂತ್ರಿಕನ ಬೆಂಕಿಹದ್ದು ಎಲ್ಲಿಯೂ ಕೂರದ ಹಕ್ಕಿ. ಅದು ಬಂದು ಚಿತ್ರದೊಳಗೆ ಕೂರಬೇಕು. ಮಾಳವ್ವ ಬೇವಿನ ಮರ ಬರೆಯತೊಡಗಿದಳು. ಕೇರಿಯವರು ಸುಮ್ಮನಿರುತ್ತಾರೆಯೇ? ಒಬ್ಬಳು ತನ್ನ ಎಮ್ಮೆ ಬರಲಿ ಎಂದಳು, ಇನ್ನೊಬ್ಬ ತನ್ನ ಮೀಸೆ ಬರಲಿ ಎಂದ. ಹದ್ದು ಮರದ ಮೇಲೆ ಸುತ್ತಿತು, ಸುತ್ತಿತು, ಕೂರಲಿಲ್ಲ. ಗಾರೆ ಅಂಚಿನಿಂದ ಬೆಳ್ಳಗಾಗುತ್ತಿತ್ತು. ಮಾಳವ್ವನಿಗೆ ಅಳು ಬಂತು.

"ನನ್ನ ಗಂಡ ಅಲ್ಲಿ ಕಲ್ಲಾಗ್ತಾ ಇದಾನೆ, ನಿಮಗೆ ಮೀಸೆ ಚಿಂತೆಯಾ? ತಗೊಳ್ಳಿ, ನೀವೇ ಬರ್ಕೊಳ್ಳಿ!" ಎಂದು ಕುಂಚಗಳನ್ನು ಅವರ ಕೈಗೇ ತುರುಕಿದಳು.

ಅವರು ಬರೆದೇಬಿಟ್ಟರು. ಎಮ್ಮೆ ಹಂದಿಯ ಹಾಗಿತ್ತು. ತಿಪ್ಪಜ್ಜಿ ಎಂಬ ಮುದುಕಿ ಕೊಂಬೆಯ ಮೇಲೆ ಸೊಟ್ಟಗೆ ಒಂದು ಗೂಡು ಗೀಚಿ, "ಹಕ್ಕಿಗೆ ಮರ ಯಾಕವ್ವ, ಮನೆ ಬೇಕು" ಎಂದಳು. ಹದ್ದು ನೆಟ್ಟಗೆ ಇಳಿದು ಬಂದು ಆ ಗೂಡಿನಲ್ಲಿ ಕೂತಿತು. ಅದರ ಬೆಂಕಿ ಆರಿತು.

ಮಾಳವ್ವ ಮುದುಕಿಯ ಕಾಲು ಮುಟ್ಟಿ ಓಡಿದಳು. ಕೆಂಚಪ್ಪ ಕುತ್ತಿಗೆಯವರೆಗೆ ಕಲ್ಲಾಗಿದ್ದ. ಗೋಣಿ ಒಣಗಿತ್ತು, ಮೇಲಿನ ಗಾರೆಯಲ್ಲಿ ಮಾತ್ರ ಇನ್ನೂ ಹಸಿಯಿತ್ತು.

ಈಗ ಮೂರನೆಯ ಗೋಡೆ. ಧೂಮಾಕ್ಷ ಕಿರೀಟವಿಟ್ಟು ಎದುರಿಗೆ ಕೂತ. "ಬರೆದಂತೆಲ್ಲ ನನ್ನ ಪ್ರಾಣ ಗೋಡೆಗೆ ಇಳಿಯುತ್ತದೆ. ಅದು ಒಣಗಿತೋ, ನಾನೇ ರಾಜ, ನನಗೆ ಸಾವೇ ಇಲ್ಲ" ಎಂದು ಮೀಸೆ ತಿರುವಿದ.

ಮಾಳವ್ವ ಬರೆದಳು. ಪಾದ ಬರೆದಾಗ ಮಾಂತ್ರಿಕನ ಪಾದ ಮರಗಟ್ಟಿತು. ಎದೆ ಬರೆದಾಗ ಅವನ ಎದೆಬಡಿತ ಗೋಡೆಯಿಂದ ಕೇಳಿಸಿತು. ಆಗ ಅವಳಿಗೆ ಹೊಳೆಯಿತು: ಈ ಗೋಡೆ ಒಣಗಿದ ಮೇಲೆ ಇವನು ಗಂಡನನ್ನು ಬಿಡುವುದಾದರೂ ಹೇಗೆ? ಇಬ್ಬರೂ ಒಂದೇ ಗಾರೆಯಲ್ಲಿದ್ದಾರೆ. ಮಾಂತ್ರಿಕ ಒಣಗುವಾಗ ಕೆಂಚಪ್ಪನೂ ಒಣಗುತ್ತಾನೆ. ಕುಂಚ ಕೆಳಗಿಟ್ಟರೂ ಗಾರೆ ಒಣಗುವುದು ನಿಲ್ಲದು.

ಮುಖ ಬರೆದು ಮುಗಿಸಿದಳು. ಮಾಂತ್ರಿಕನ ದೇಹ ಖಾಲಿ ಅಂಗಿಯಂತೆ ಕುರ್ಚಿಯಲ್ಲಿ ಕುಸಿಯಿತು. ಗೋಡೆಯ ಮೇಲಿನ ಮುಖ ನಕ್ಕಿತು.

"ಮಾಳೀ" ಎಂದು ಮೂಲೆಯಿಂದ ದನಿ ಬಂತು. ಕೆಂಚಪ್ಪನ ತುಟಿ ಮಾತ್ರ ಉಳಿದಿತ್ತು. "ಕೊಡದಲ್ಲಿರೋ ನೀರೆಲ್ಲ ಗೋಡೆಗೆ ಹುಯ್ಯಿ. ಅವಸರದಲ್ಲಿ ತಳದ ಪದರ ಒರಟು ಮಾಡಿಲ್ಲ ನಾನು, ಮೇಲಿನ ಗಾರೆಗೆ ಹಿಡಿತ ಇಲ್ಲ. ಮೇಲಿಂದ ನೀರು ಇಳಿದರೆ ಗಾರೆ ಪೂರ್ತಿ ಜಾರುತ್ತೆ."

"ನೀವೂ ಅದರಲ್ಲೇ ಇದೀರಲ್ಲ ರೀ! ಬಿದ್ದು ಚೂರಾದರೆ?"

"ಆದರೆ ಆಗಲಿ. ಗೋಡೇಲಿ ನಿಂತು ನೀನು ಅಳೋದನ್ನ ದಿನಾ ನೋಡೋಕೆ ನನ್ನ ಕೈಲಾಗಲ್ಲ."

ಹುಯ್ದರೆ ಗಂಡ ಹೋಗಬಹುದು, ಹುಯ್ಯದಿದ್ದರೆ ಹೋಗುವುದು ಖಂಡಿತ. ಮಾಳವ್ವ ಕೊಡ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಏಣಿ ಹತ್ತಿ ಕಣ್ಣು ಮುಚ್ಚಿ ಹುಯ್ದಳು.

"ಬೇಡ ಕಣೇ! ಬೇಡ!" ಎಂದು ಗೋಡೆ ಕಿರುಚಿತು. ಕಿರೀಟ ಹಣೆಯ ಮೇಲೆ ಹರಿಯಿತು, ಹಣೆ ಮೂಗಿನ ಮೇಲೆ, ಮೂಗು ಗಡ್ಡದ ಮೇಲೆ. ಒಂದು ಸಲ ಗೋಡೆ ನಿಟ್ಟುಸಿರು ಬಿಟ್ಟಂತಾಯಿತು. ಗಾರೆ ಪೂರ್ತಿ ಕಳಚಿ ಧೊಪ್ಪೆಂದು ಬಿತ್ತು. ಧೂಮಾಕ್ಷ ಕೆಸರಾಗಿ ಮೋರಿಗೆ ಹರಿದುಹೋದ.

ಮಾಳವ್ವ ಏಣಿಯಿಂದ ಬಿದ್ದಳೋ ಇಳಿದಳೋ ಅವಳಿಗೇ ತಿಳಿಯಲಿಲ್ಲ. ಸುಣ್ಣದ ರಾಶಿಯನ್ನು ಎರಡೂ ಕೈಯಿಂದ ಬಗೆದಳು. ಒಂದು ಕಲ್ಲಿನ ಭುಜ ಸಿಕ್ಕಿತು. ತಣ್ಣಗಿತ್ತು. ಸೆರಗು ನೆನೆಸಿ ಉಜ್ಜಿದಳು, ಬೈದಳು, ದೇವರಿಗೆ ಹರಕೆ ಹೊತ್ತಳು, ಮತ್ತೆ ಉಜ್ಜಿದಳು. ಕಲ್ಲು ಮಿಸುಕಲಿಲ್ಲ. ಕೊನೆಗೆ ಆ ಭುಜದ ಮೇಲೆ ತಲೆಯಿಟ್ಟು ಅತ್ತಳು.

"ಲೇ, ಕಣ್ಣಿಗೆ ಸುಣ್ಣ ಹೋದೀತು, ಒರೆಸ್ಕೋ" ಎಂದಿತು ರಾಶಿ. ಕೆಂಚಪ್ಪ ಕೆಮ್ಮುತ್ತ ಎದ್ದು ಕೂತ.

ಗಂಡ ಮತ್ತೆ ಗಾರೆ ಬಳಿದ, ಹೆಂಡತಿ ಮುದ್ದರಸನನ್ನು ಬರೆದಳು, ಇಡೀ ಊರಿಗೆ ರಾಜನ ಗುರುತು ಸಿಕ್ಕಿತು. ಅಡುಗೆಯವನು ನಾಚಿಕೊಂಡು ಪಾಯಸ ಮಾಡಿದ. ಸುಣ್ಣಗಿರಿಯ ಜನ ಮುಂದೆ ಸುಖವಾಗಿದ್ದರು, ಮಾಳವ್ವನೂ ಸುಖವಾಗಿದ್ದಳು. ಆದರೆ ಎಲ್ಲಿ ಕೆಲಸಕ್ಕೆ ಹೋದರೂ ಅವಳು ಬಲಗೈಯಲ್ಲಿ ಕುಂಚ ಹಿಡಿದು, ಗೋಡೆ ಒಣಗುವವರೆಗೆ ಎಡಗೈಯಲ್ಲಿ ಗಂಡನ ಅಂಗಿ ಹಿಡಿದೇ ಇರುತ್ತಿದ್ದಳು.